ಎಂಟು ಕಟಿಂಗ್ ಚಹಾದ ಲೆಕ್ಕ: ಸೂಕ್ಷ್ಮ ಹೊಟ್ಟೆಯವರ ಅಡುಗೆಮನೆ

(ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲು ಹಿಡಿಯಬೇಕು, ದಾರಿಯಲ್ಲಿ ಹೊಟ್ಟೆ ಕೈಕೊಟ್ಟರೆ ಕಷ್ಟ ಎಂದು ತಿಂಡಿ ಬಿಟ್ಟು ಹೊರಟವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ, ನಾಚಿಕೆ ಬೇಡ. ನೋಡಿ, ಹತ್ತಿರಹತ್ತಿರ ಅರ್ಧ ಹಾಲ್! ಎತ್ತದವರಲ್ಲೂ ಕೆಲವರು ಪಕ್ಕದವರ ಮುಖ ನೋಡಿ ಸುಮ್ಮನಾದರು, ನನಗೆ ಇಲ್ಲಿಂದ ಕಾಣಿಸಿತು.

ಇದಕ್ಕೆ ನಾನು ತಮಾಷೆಗೆ ಸೆಂಟ್ರಲ್ ಲೈನ್ ಕಾಯಿಲೆ ಎನ್ನುತ್ತೇನೆ. ಲೋಕಲ್‌ನಲ್ಲಿ ಶೌಚಾಲಯ ಇಲ್ಲ. ಇಲ್ಲಿಂದ ಮುಂಬೈನ ಕೊನೆಯ ಸ್ಟೇಷನ್ ಸಿಎಸ್‌ಎಂಟಿಗೆ ಫಾಸ್ಟ್ ಗಾಡಿಯಾದರೂ ಒಂದು ತಾಸಿನ ಮೇಲೆ. ಥಾಣೆ ಸ್ಟೇಷನ್ ದಾಟಿದ ಮೇಲೆ ಕೈ ಎತ್ತಿ ತಲೆ ಕೆರೆದುಕೊಳ್ಳಲೂ ಜಾಗ ಇರುವುದಿಲ್ಲ, ಇನ್ನು ಇಳಿಯುವ ಮಾತೆಲ್ಲಿ! ಆದರೆ ತಿಂದ ಕೂಡಲೇ ಹೊಟ್ಟೆ ತಿರುಗುವುದು ಕಾಯಿಲೆ ಅಲ್ಲವೇ ಅಲ್ಲ. ಮೇಲೆ ಊಟ ಬಿತ್ತು ಎಂಬ ಸುದ್ದಿ ಕೆಳಗಿನ ದೊಡ್ಡ ಕರುಳಿಗೆ ಹೋಗುತ್ತದೆ, ಅದು ಜಾಗ ಖಾಲಿ ಮಾಡಲು ಹೊರಡುತ್ತದೆ. ಹಾಲು ಕುಡಿದ ಮಗು ಐದೇ ನಿಮಿಷಕ್ಕೆ ಬಟ್ಟೆ ಹಾಳು ಮಾಡುವುದಿಲ್ಲವೇ? ಅದೇ ಇದು. ಎದ್ದ ಮೇಲೆ ಬೆಳಗಿನ ಹೊತ್ತು ಈ ಚುರುಕು ಜಾಸ್ತಿ. ಮೇಲೆ ಬಿಸಿ ಕಾಫಿ ಬೇರೆ ಬಿದ್ದರೆ ಕೇಳುವುದೇ ಬೇಡ.

ಈಗ ತಿಂಡಿ ಬಿಟ್ಟವರ ದಿನ ಹೇಗೆ ಸಾಗುತ್ತದೆ ನೋಡಿ. ಹತ್ತೂವರೆಗೆ ಆಫೀಸಿನಲ್ಲಿ ಒಂದು ಚಹಾ. ಹನ್ನೊಂದಕ್ಕೆ ಹೊಟ್ಟೆ ಕುಂಯ್‌ಗುಡುತ್ತದೆ, ಮತ್ತೊಂದು ಚಹಾ. ಹನ್ನೆರಡಕ್ಕೆ ತಡೆಯಲಾಗದೆ ಕೆಳಗೆ ಹೋಗಿ ನಿಂತಲ್ಲೇ ಎರಡು ವಡಾಪಾವ್, ನಾಲ್ಕು ನಿಮಿಷದಲ್ಲಿ. ನಾಲ್ಕು ಗಂಟೆಗೆ ಹೊಟ್ಟೆ ಡೋಲು. ಆಗ ಬೈಯುವುದು ಯಾರನ್ನು? ವಡಾದ ಎಣ್ಣೆಯನ್ನು. ಬೆಳಗಿನ ಖಾಲಿ ಹೊಟ್ಟೆ, ಗಬಗಬ ತಿಂದಿದ್ದು, ಕಡಲೆಹಿಟ್ಟು, ಮೈದಾದ ಪಾವ್, ಬೆಳ್ಳುಳ್ಳಿ ಚಟ್ನಿ, ಎರಡು ಚಹಾದ ಹಾಲು, ಇವರೆಲ್ಲ ಸದ್ದಿಲ್ಲದೆ ತಪ್ಪಿಸಿಕೊಳ್ಳುತ್ತಾರೆ.

ಮುಂದೆ ಹೋಗುವ ಮೊದಲು ಒಂದು ಗಂಭೀರ ಮಾತು. ನಾನು ಆಹಾರದ ಸಲಹೆ ಕೊಡುವವಳು, ಡಾಕ್ಟರ್ ಅಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಒಂದಿದ್ದರೂ ಅಡುಗೆ ಬದಲಿಸುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗೋಧಿ ತಿಂದರೆ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಇದೆಯಾ ಎಂಬ ರಕ್ತಪರೀಕ್ಷೆಯನ್ನು ಚಪಾತಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಆರು ತಿಂಗಳು ಗೋಧಿ ಬಿಟ್ಟು ಹೋದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು.

ಪರೀಕ್ಷೆಗಳೆಲ್ಲ ಸರಿ ಬಂದು, ಆದರೂ ಹೊಟ್ಟೆ ಉಬ್ಬರ, ಮುರಿತ, ಒಂದು ದಿನ ಭೇದಿ, ಎರಡು ದಿನ ಕಟ್ಟು, ಹೀಗೆ ಇರುವವರ ಬಗ್ಗೆ ನನ್ನ ಮಾತು. ಇಂಥವರಿಗೆ ಮನೆಯವರು ಹೇಳುವುದು, "ಎಲ್ಲ ನಿನ್ನ ಮನಸ್ಸಿನಲ್ಲೇ ಇರೋದು." ಹಾಗಲ್ಲ. ಎಲ್ಲರ ಹೊಟ್ಟೆಯಲ್ಲೂ ಗಾಳಿ ಆಗುತ್ತದೆ. ಅಷ್ಟೇ ಗಾಳಿಗೆ ಗಂಡ ಆರಾಮಾಗಿ ಪೇಪರ್ ಓದುತ್ತಿರುತ್ತಾರೆ, ಹೆಂಡತಿಗೆ ಸೀರೆ ಸಡಿಲ ಮಾಡದೆ ಕೂರಲಾಗುವುದಿಲ್ಲ. ಕೆಲವರ ಕರುಳಿನ ನರಗಳು ಸ್ವಲ್ಪ ಹಿಗ್ಗಿದರೂ ಜೋರಾಗಿ ಕೂಗುತ್ತವೆ. ಕೂಗು ನಿಜ, ನೋವೂ ನಿಜ.

ಹಿಗ್ಗಿಸುವುದು ಯಾವುದು? ನಾವು ತಿನ್ನುವುದರಲ್ಲಿ ಕೆಲವು ಬಗೆಯ ಸಕ್ಕರೆ, ನಾರು ಸಣ್ಣ ಕರುಳಿನಲ್ಲಿ ಸರಿಯಾಗಿ ಜೀರ್ಣವಾಗುವುದಿಲ್ಲ. ಅವು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸುತ್ತವೆ, ಇಡ್ಲಿ ಹಿಟ್ಟು ಉಕ್ಕುವ ಹಾಗೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮೊನಾಶ್ ವಿಶ್ವವಿದ್ಯಾಲಯದವರು 2005ರ ಸುಮಾರಿಗೆ ಈ ಗುಂಪಿಗೆ ಫಾಡ್‌ಮ್ಯಾಪ್ ಎಂದು ಹೆಸರಿಟ್ಟರು. ನೀರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಇರುವುದು ಫ್ರಕ್ಟಾನ್. ಬೇಳೆಕಾಳಿನಲ್ಲಿ ಇನ್ನೊಂದು. ಹಾಲಿನಲ್ಲಿ ಲ್ಯಾಕ್ಟೋಸ್. ಮಾವು, ಜೇನುತುಪ್ಪದಲ್ಲಿ ಹೆಚ್ಚಿನ ಫ್ರಕ್ಟೋಸ್. ಹೂಕೋಸು, ಅಣಬೆಯಲ್ಲಿ ಮತ್ತೊಂದು. ಹೆಸರು ನೆನಪಿಡುವುದು ಬೇಡ. ಇವು ಒಂದರ ಮೇಲೊಂದು ಕೂಡುತ್ತವೆ ಎಂಬುದನ್ನು ಮಾತ್ರ ನೆನಪಿಡಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬರು ಹಿರಿಯ ಹೆಂಗಸು ಬಂದಿದ್ದರು. ಕುಂದಾಪುರದ ಕಡೆಯವರು, ನನ್ನೂರಿನವರೇ ಅಂತ ಖುಷಿಯಿಂದ ಎರಡು ಪುಟದ ಪಟ್ಟಿ ಬರೆದುಕೊಟ್ಟೆ. ಇದು ಬೇಡ, ಅದು ಬೇಡ. ಮೂರು ತಿಂಗಳ ನಂತರ ಬಂದರು, ಕೈಯಲ್ಲಿ ಬಳೆ ಮೊಣಕೈವರೆಗೆ ಜಾರುತ್ತಿತ್ತು. "ಹೊಟ್ಟೆ ನೋವು ಇಲ್ಲ ಮಗಾ," ಅಂದರು, "ಗಂಜಿ, ಉಪ್ಪಿನಕಾಯಿ ರಸ ಬಿಟ್ಟು ಬೇರೆ ಏನೂ ತಿನ್ನಲ್ಲ, ನೀನೇ ಹೇಳಿದ್ಯಲ್ಲ." ಎಷ್ಟು ದಿನ ಬಿಡಬೇಕು, ಯಾವಾಗ ಮತ್ತೆ ತಿನ್ನಬೇಕು ಎಂದು ನಾನು ಬರೆದೇ ಇರಲಿಲ್ಲ. ಅವತ್ತಿನಿಂದ "ಬೇಡ" ಪಟ್ಟಿ ಕೊಡುವುದನ್ನು ನಿಲ್ಲಿಸಿದೆ. ಯಾರಾದರೂ "ಮೇಡಂ, ನನಗೆ ಯಾವುದು ಆಗಲ್ಲ?" ಎಂದರೆ ನಾನು ತಿರುಗಿ ಕೇಳುವುದು: ಎಷ್ಟು ತಿಂದಿರಿ, ಯಾವಾಗ, ಹೇಗೆ ಬೇಯಿಸಿದ್ದು, ಜೊತೆಗೆ ಇನ್ನೇನಿತ್ತು?

ಒಂದು ಉದಾಹರಣೆ ಕೊಡುತ್ತೇನೆ. ಮುಲುಂಡ್ ಕಡೆಯ ಒಬ್ಬ ಹೋಟೆಲ್ ಮಾಲೀಕರು, ನಮ್ಮ ಶೆಟ್ರು, ಐವತ್ತರ ಆಸುಪಾಸು. "ನಮ್ಮ ಹೋಟೆಲಿನ ಸಾಂಬಾರ್ ಊರಿಗೆಲ್ಲ ಆಗುತ್ತೆ, ನನಗೇ ಆಗಲ್ಲ ಮೇಡಂ" ಎಂದು ನಗುತ್ತಲೇ ಬಂದರು. ಸಾಂಬಾರ್ ಬಿಟ್ಟು ವರ್ಷವಾಗಿತ್ತು, ಉಬ್ಬರ ಹಾಗೇ ಇತ್ತು. ಬಾಯಿಗೆ ಹೋದದ್ದೆಲ್ಲ ಬರೆಯಿರಿ, ಹೊಟ್ಟೆ ಹೇಗಿತ್ತು ಬರೆಯಿರಿ, ಹತ್ತು ದಿನ ಸಾಕು ಎಂದೆ. ಡೈರಿ ತರುತ್ತಾರೆ ಅಂದುಕೊಂಡಿದ್ದೆ. ಅವರು ತಂದಿದ್ದು ಒಂದು ಕಟ್ಟು ಆರ್ಡರ್ ಚೀಟಿ. ಗಲ್ಲೆಯಲ್ಲಿ ಕೂತು ಚೀಟಿಯ ಹಿಂದೆ ಗೀಚಿದ್ದು, ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಒಂದೆರಡಕ್ಕೆ ಅರಿಶಿನದ ಕಲೆ.

ಊಟ, ತಿಂಡಿ ಎಲ್ಲ ಇತ್ತು. ಚಹಾ ಇರಲಿಲ್ಲ. ಕೇಳಿದರೆ, "ಚಹಾ ಏನು ಊಟವಾ ಮೇಡಂ?" ಅಂದರು. ಎಷ್ಟು ಕುಡಿಯುತ್ತೀರಿ? ಬೆಳಿಗ್ಗೆ ಆರಕ್ಕೆ ಹಾಲಿನವನು ಬಂದಾಗ ಒಂದು, ತರಕಾರಿಯವನು ಬಂದಾಗ ಒಂದು, ಅಡುಗೆ ಭಟ್ಟರ ಜೊತೆ ಒಂದು... ಬೆರಳು ಮಡಚುತ್ತಾ ಹೋದರು, ಎಂಟಕ್ಕೆ ನಿಂತಿತು. ಎಂಟು ಕಟಿಂಗ್, ಅಂದರೆ ಇಲ್ಲಿನ ಅರ್ಧ ಲೋಟದ ಚಹಾ. ಅವರ ಹೋಟೆಲಿನದು ಗಟ್ಟಿ ಚಹಾ, ಒಂದಕ್ಕೆ 50 ಮಿಲಿ ಹಾಲು ಹಿಡಿಯಿರಿ. ದಿನಕ್ಕೆ 400 ಮಿಲಿ. ಹಾಲಿನಲ್ಲಿ 100 ಮಿಲಿಗೆ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಅಲ್ಲಿಗೆ 20 ಗ್ರಾಂ. ಹಾಲು ಆಗದವರಲ್ಲೂ ಬಹಳಷ್ಟು ಜನ ಒಂದು ಸಲಕ್ಕೆ 12 ಗ್ರಾಂವರೆಗೆ ದೊಡ್ಡ ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ. ಚಹಾ ಒಂದೇ ಆಗಿದ್ದರೆ ಶೆಟ್ರೂ ತಡೆದುಕೊಳ್ಳುತ್ತಿದ್ದರೇನೋ. ಜೊತೆಗೆ ಇನ್ನೊಂದಿತ್ತು. ಹೋಟೆಲಿನಲ್ಲಿ ನೀರುಳ್ಳಿ, ಟೊಮೆಟೊ, ಬೆಳ್ಳುಳ್ಳಿ ಹುರಿದು ರುಬ್ಬಿದ ದೊಡ್ಡ ಪಾತ್ರೆ ಗ್ರೇವಿ ಇರುತ್ತದಲ್ಲ, ಎಲ್ಲ ಪಂಜಾಬಿ ಪಲ್ಯಕ್ಕೂ ಅದೇ ಬುಡ. ಮಾಲೀಕರು ದಿನಕ್ಕೆ ಐದಾರು ಸಲ ಅದರ ರುಚಿ ನೋಡುತ್ತಾರೆ. ರುಚಿ ನೋಡಿದ್ದೂ ಚೀಟಿಯಲ್ಲಿ ಇರಲಿಲ್ಲ! ಬಡಪಾಯಿ ಸಾಂಬಾರ್ ಒಂದು ವರ್ಷ ಸುಮ್ನೆ ಶಿಕ್ಷೆ ಅನುಭವಿಸಿತು.

ಅವರ ಕಥೆಗೆ ಮತ್ತೆ ಬರುತ್ತೇನೆ. ಮೊದಲು ನೀರುಳ್ಳಿ. ನೀವು ಈರುಳ್ಳಿ ಅನ್ನಿ, ಬಿಜಾಪುರ, ಸೋಲಾಪುರದ ಕಡೆಯವರು ಉಳ್ಳಾಗಡ್ಡಿ ಅನ್ನಿ, ಹೊಟ್ಟೆಗೆ ಎಲ್ಲ ಒಂದೇ. ಇದರ ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇಷ್ಟು ತಿಳಿದರೆ ಅರ್ಧ ಅಡುಗೆ ಗೆದ್ದಂತೆ. ಸಾರಿನಲ್ಲಿ ಇಡೀ ನೀರುಳ್ಳಿ ಬೇಯಿಸಿ ಆಮೇಲೆ ತೆಗೆದಿಟ್ಟರೆ ಪ್ರಯೋಜನ ಇಲ್ಲ, ಬರಬೇಕಾದದ್ದು ಆಗಲೇ ಸಾರಿಗೆ ಬಂದಿರುತ್ತದೆ. ಆದರೆ ಒಗ್ಗರಣೆಗೆ ಮೂರು ಚಮಚ ಕೊಬ್ಬರಿ ಎಣ್ಣೆ ಕಾಯಿಸಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ. ಉರಿ ಸಣ್ಣಗಿರಲಿ. ಅಂಚು ಕೆಂಪಾಗಿ ಮನೆಯೆಲ್ಲ ಘಮ ಅಂದಾಗ ಎಸಳುಗಳನ್ನು ಚಮಚದಿಂದ ಎತ್ತಿ ಮನೆಯಲ್ಲಿ ಆಗುವವರ ಬಟ್ಟಲಿಗೆ ಹಾಕಿ. ಎಣ್ಣೆಗೆ ಸಾಸಿವೆ, ಕರಿಬೇವು, ಒಣಮೆಣಸು ಹಾಕಿ ಸಾರಿಗೆ ಸುರಿಯಿರಿ. ಪರಿಮಳ ಪೂರ್ತಿ ಬರುತ್ತದೆ, ಫ್ರಕ್ಟಾನ್ ಎಸಳಿನಲ್ಲೇ ಉಳಿಯುತ್ತದೆ. ಒಂದು ಎಚ್ಚರಿಕೆ: ಈ ಎಣ್ಣೆ ಆಗಾಗ ಮಾಡಿಕೊಳ್ಳಿ. ಬಾಟಲಿಯಲ್ಲಿ ತುಂಬಿ ಹೊರಗೆ ಇಡಬೇಡಿ, ಅದರಲ್ಲಿ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯುವ ಭಯ ಇದೆ. ನೀರುಳ್ಳಿಯ ರುಚಿ ಬೇಕೇ ಬೇಕು ಎನ್ನುವವರಿಗೆ ಪಾತೀಚಾ ಕಾಂದಾ, ಅಂದರೆ ಎಲೆ ನೀರುಳ್ಳಿ, ಇಲ್ಲಿನ ಎಲ್ಲ ಭಾಜಿ ಗಾಡಿಯಲ್ಲೂ ಸಿಗುತ್ತದೆ. ಹಸಿರು ಭಾಗ ಮಾತ್ರ ಬಳಸಿ, ಬಿಳಿ ಗಡ್ಡೆ ಬೇಡ.

ಬೆಳ್ಳುಳ್ಳಿ ಇಲ್ಲದಲ್ಲಿ ಇಂಗು. ಉಡುಪಿಯ ಮಠದ ಅಡುಗೆಗೆ ನೀರುಳ್ಳಿ ಬೆಳ್ಳುಳ್ಳಿ ಮುಟ್ಟಿಸದೆ ಅಷ್ಟು ರುಚಿ ಬರುವುದು ಹೇಗೆ ಎಂದು ಕೇಳುವವರಿಗೆ ಅರ್ಧ ಉತ್ತರ ಇಂಗು, ಇನ್ನರ್ಧ ತೆಂಗಿನಕಾಯಿ. ಈಗ ಸ್ವಲ್ಪ ದಾರಿ ತಪ್ಪುತ್ತೇನೆ. ಇಷ್ಟು ಇಂಗು ತಿನ್ನುವ ದೇಶದಲ್ಲಿ ಇಂಗಿನ ಬೆಳೆಯೇ ಇರಲಿಲ್ಲ. ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನದಿಂದ ತರಿಸುತ್ತಿದ್ದೆವು. 2020ರ ಅಕ್ಟೋಬರ್‌ನಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ಮೊದಲ ಸಸಿ ನೆಟ್ಟರು. ನಾವು ಡಬ್ಬಿಯಲ್ಲಿ ಕೊಳ್ಳುವುದು ಶುದ್ಧ ಇಂಗೂ ಅಲ್ಲ, ಗೋಂದು ಮತ್ತು ಹಿಟ್ಟು ಬೆರೆಸಿದ್ದು. ಆ ಹಿಟ್ಟು ಬಹಳ ಸಲ ಗೋಧಿ ಅಥವಾ ಮೈದಾ. ಚಿಟಿಕೆಯಷ್ಟೇ ಬಳಸುವುದರಿಂದ ನಮ್ಮಂಥವರಿಗೆ ಚಿಂತೆ ಇಲ್ಲ. ಸೀಲಿಯಾಕ್ ಇರುವವರು ಮಾತ್ರ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಲೇಬೇಕು. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ.

ಇನ್ನು ಕಾಳು. ಇಲ್ಲಿ ಉಸಳ್, ಮಿಸಳ್ ಇಲ್ಲದ ವಾರ ಇಲ್ಲ, ನಮ್ಮಲ್ಲಿ ಹುರಳಿ ಸಾರು, ಕಡಲೆ ಗಸಿ. ಗಾಳಿ ಮಾಡುವ ಸಕ್ಕರೆ ಇಲ್ಲೂ ನೀರಿಗೆ ಬಿಡುತ್ತದೆ. ಹಾಗಾಗಿ ರಾತ್ರಿ ಧಾರಾಳ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಇಲ್ಲಿ ಯಾವಾಗಲೂ ಒಬ್ಬರು ಅತ್ತೆ ಎದ್ದು ನಿಲ್ಲುತ್ತಾರೆ, "ಸತ್ವ ಎಲ್ಲ ಹೋಯ್ತಲ್ಲ!" ಹೌದು, ಸ್ವಲ್ಪ ಹೋಗುತ್ತದೆ. ಪ್ರೋಟೀನ್, ಕಬ್ಬಿಣದ ಬಹುಪಾಲು ಕಾಳಿನಲ್ಲೇ ಇರುತ್ತದೆ. ಸತ್ವ ಉಳಿಸಿ, ಹೊಟ್ಟೆ ನೋವಿಗೆ ಹೆದರಿ ಆರು ತಿಂಗಳು ಕಾಳನ್ನೇ ಮುಟ್ಟದಿದ್ದರೆ ಯಾರಿಗೆ ಲಾಭ? ಮೊಳಕೆ ಬರಿಸಿದರೆ ಇನ್ನೂ ಹಗುರ. ತೀರಾ ಸೂಕ್ಷ್ಮ ಇದ್ದವರು ಸಿಪ್ಪೆ ತೆಗೆದ ಹೆಸರುಬೇಳೆಯಿಂದ ಶುರು ಮಾಡಿ. ಅರ್ಧ ಗಂಟೆ ನೆನೆಸಿ, ನೀರು ಬಸಿದು, ಅರಿಶಿನ, ಶುಂಠಿ ಹಾಕಿ ತೊವ್ವೆ ಮಾಡಿ. ಅರ್ಧ ಕಟೋರಿ ಸಾಕು. ಇಡ್ಲಿಯೂ ಇದೇ ಲೆಕ್ಕದಲ್ಲಿ ಒಳ್ಳೆಯದು. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಅದೂ ರಾತ್ರಿಯಿಡೀ ಹುದುಗಿದ್ದು. ಹೊಟ್ಟೆಯಲ್ಲಿ ಆಗಬೇಕಾದ ಹುದುಗು ಪಾತ್ರೆಯಲ್ಲೇ ಒಂದಿಷ್ಟು ಮುಗಿದಿರುತ್ತದೆ.

ಮಾಧ್ವರ ಮನೆಯವರು ಇಲ್ಲಿ ಕೆಲವರಾದರೂ ಇದ್ದೀರಿ. ಚಾತುರ್ಮಾಸ್ಯದಲ್ಲಿ ಏನು ಮಾಡುತ್ತೀರಿ? ಮೊದಲ ತಿಂಗಳು ತರಕಾರಿ ಇಲ್ಲ. ಎರಡನೆಯದರಲ್ಲಿ ಮೊಸರು ಇಲ್ಲ, ಮೂರನೆಯದರಲ್ಲಿ ಹಾಲು ಇಲ್ಲ, ನಾಲ್ಕನೆಯದರಲ್ಲಿ ದ್ವಿದಳ ಇಲ್ಲ, ಅಂದರೆ ಬೇಳೆಕಾಳು ಇಲ್ಲ. ಇದು ವ್ರತ, ಇದರ ಉದ್ದೇಶ ಬೇರೆ. ಹಳಬರಿಗೆ ಫಾಡ್‌ಮ್ಯಾಪ್ ಗೊತ್ತಿತ್ತು ಎಂದು ವಾಟ್ಸಾಪ್‌ನಲ್ಲಿ ಹಾಕಬೇಡಿ, ನನ್ನ ಹೆಸರಂತೂ ಖಂಡಿತ ಹಾಕಬೇಡಿ! ಆದರೆ ಒಂದು ಅಭ್ಯಾಸ ನನಗೆ ಬಹಳ ಹಿಡಿಸುತ್ತದೆ. ಬಿಟ್ಟದ್ದಕ್ಕೆ ಒಂದು ಕೊನೆಯ ದಿನ ಇದೆ. ತಿಂಗಳು ಮುಗಿದ ಮೇಲೆ ಮೊಸರು ಎಲೆಗೆ ಮರಳಿ ಬರುತ್ತದೆ. ಆ ಹಿರಿಯ ಹೆಂಗಸಿಗೆ ನಾನು ಕೊಟ್ಟ ಪಟ್ಟಿಯಲ್ಲಿ ಇಲ್ಲದೇ ಹೋದದ್ದು ಇದೇ.

ಈಗಿನ ಕ್ರಮದಲ್ಲೂ ಎರಡರಿಂದ ಆರು ವಾರ ಮಾತ್ರ ಬಿಡುವುದು. ಆಮೇಲೆ ಒಂದೊಂದೇ ವಾಪಸ್. ಮೂರು ದಿನ ನೀರುಳ್ಳಿ ಒಂದೇ ಪರೀಕ್ಷೆ: ಮೊದಲ ದಿನ ಒಂದು ಚಮಚ ಹೆಚ್ಚಿದ್ದು, ಮರುದಿನ ಎರಡು, ಮೂರನೇ ದಿನ ಇನ್ನಷ್ಟು. ಆ ಮೂರು ದಿನ ಬೇರೆ ಹೊಸದು ಏನೂ ಬೇಡ. ಆಯಿತಾ, ಎರಡು ದಿನ ಬಿಡುವು, ಆಮೇಲೆ ಹಾಲು. ಹೀಗೆ ನಿಮ್ಮ ಮಿತಿ ನಿಮಗೇ ಸಿಗುತ್ತದೆ. ಇದನ್ನು ಗೊತ್ತಿರುವವರ ಸಲಹೆಯಲ್ಲೇ ಮಾಡಿ. ಮಕ್ಕಳು, ಗರ್ಭಿಣಿಯರು, ಆಗಲೇ ತೂಕ ಕಡಿಮೆ ಇರುವವರು ತಾವಾಗಿಯೇ ಕೈ ಹಾಕಬೇಡಿ.

ಹಾಲು ಆಗದಿದ್ದರೂ ಮೊಸರು ಬಹಳ ಜನಕ್ಕೆ ಆಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ತಿಂದೇ ಹುಳಿ ಮಾಡುವುದು, ಹೊಟ್ಟೆಗೆ ಹೋದ ಮೇಲೂ ಅವು ಕೈಜೋಡಿಸುತ್ತವೆ. ಅದಕ್ಕೇ ನನಗೆ ತಂಬುಳಿ ಎಂದರೆ ಪ್ರಾಣ. ಒಂದು ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ಅರ್ಧ ಚಮಚ ತುಪ್ಪದಲ್ಲಿ ಹುರಿಯಿರಿ. ಜೀರಿಗೆ ಚಟಪಟ ಅಂದರೆ ಸಾಕು, ಕಪ್ಪಾದರೆ ಕಹಿ. ಕಾಲು ಕಪ್ ತೆಂಗಿನ ತುರಿ ಜೊತೆ ನುಣ್ಣಗೆ ರುಬ್ಬಿ, ಒಂದು ಲೋಟ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ. ಕುದಿಸಬೇಡಿ. ಕುಚ್ಚಲಕ್ಕಿ ಅನ್ನ ಸ್ವಲ್ಪ ಮೆತ್ತಗೆ ಮಾಡಿ ಅದರ ಮೇಲೆ ಸುರಿದು ತಿನ್ನಿ. ಕುಚ್ಚಲಕ್ಕಿ ಹತ್ತಿರ ಸಿಗದಿದ್ದರೆ ಮುಂಬೈನ ಮಾಟುಂಗಾ ಪೇಟೆಗೆ ಒಂದು ಸಲ ಹೋಗಿ, ಮಂಗಳೂರು ಸೌತೆ, ಬಾಳೆಎಲೆ ಸಮೇತ ಚೀಲ ತುಂಬಿಕೊಂಡು ಬರಬಹುದು.

ಹೊರಗೆ ತಿನ್ನುವವರಿಗೆ ಈ ಊರು ಅಷ್ಟೇನೂ ಕೆಟ್ಟದ್ದಲ್ಲ. ಪೋಹೆ ಅಂದರೆ ಅವಲಕ್ಕಿ, ಹಗುರ. ಕಾಂದಾ ಕಡಿಮೆ ಹಾಕಿ ಎಂದು ಹೇಳಿ, ಮನೆಯಲ್ಲಾದರೆ ಬಟಾಟೆ ಹಾಕಿ ಮಾಡಿ. ರಾತ್ರಿ ನಾಲ್ಕು ಚಪಾತಿ ತಿಂದು ಉಬ್ಬರಿಸುವವರು ಎರಡು ಚಪಾತಿಗೆ ಇಳಿಸಿ, ಅಥವಾ ಜೋಳದ ಭಾಕರಿ ನೋಡಿ. ಉತ್ತರ ಕರ್ನಾಟಕದವರಿಗೆ ನಾನು ಇದನ್ನು ಹೇಳಬೇಕಾ! ಏಪ್ರಿಲ್, ಮೇ ಬಂದರೆ ಆಮ್ರಸ್ ಪೂರಿ. ಊಟದ ಮೇಲೆ ಹಾಪೂಸ್ ಮಾವಿನ ಎರಡು ಹೋಳು ತಿಂದರೆ ಏನೂ ಆಗದವರಿಗೆ ಒಂದು ಬಟ್ಟಲು ರಸ ಕುಡಿದಾಗ ಹೊಟ್ಟೆ ಕೆಡುತ್ತದೆ, ಏಕೆಂದರೆ ಆ ಬಟ್ಟಲಿನಲ್ಲಿ ಎರಡು ಮೂರು ಹಣ್ಣು ಕೂತಿರುತ್ತವೆ. ಜೊತೆಗೆ ಹಾಲು, ಕೆಳಗೆ ಗೋಧಿಯ ಪೂರಿ. ಕೂಡಿಸಿ ನೋಡಿ.

ತಿಂಡಿಯ ವಿಷಯಕ್ಕೆ ಮರಳಿದರೆ, ಲೋಕಲ್ ಹಿಡಿಯುವವರು ಅರ್ಧ ಗಂಟೆ ಮೊದಲು ಎದ್ದು ಸ್ವಲ್ಪವೇ ತಿನ್ನಿ. ಎರಡು ಇಡ್ಲಿ, ಇಲ್ಲವೇ ಒಂದು ಬಟ್ಟಲು ಗಂಜಿ. ಕೂತು, ಅಗಿದು. ಕರುಳಿಗೆ ತನ್ನ ಕೆಲಸ ಮುಗಿಸಲು ಮನೆಯಲ್ಲೇ ಹೊತ್ತು ಕೊಡಿ. ಹತ್ತು ಹದಿನೈದು ದಿನದಲ್ಲಿ ಅದಕ್ಕೂ ಟೈಂ ಟೇಬಲ್ ಗೊತ್ತಾಗುತ್ತದೆ.

ಶೆಟ್ರ ಕಥೆ ಬಾಕಿ ಇದೆ ಅಲ್ವಾ? ಚಹಾ ಮೂರಕ್ಕೆ ಇಳಿಯಿತು, ನಡುವೆ ಕರಿ ಚಹಾಕ್ಕೆ ಶುಂಠಿ. ಗ್ರೇವಿ ರುಚಿ ನೋಡುವ ಕೆಲಸ ಮಗನಿಗೆ ಹೋಯಿತು. ಅದು ಬಿಡಲು ಅವರಿಗೆ ಚಹಾಕ್ಕಿಂತ ಕಷ್ಟವಾಯಿತಂತೆ, ಮಗ ಉಪ್ಪು ಜಾಸ್ತಿ ಮಾಡುತ್ತಾನೆ ಅಂತ ಈಗಲೂ ದೂರು. ಹೋಟೆಲ್ ಮುಚ್ಚಿ ರಾತ್ರಿ ಹನ್ನೆರಡೂವರೆಗೆ ಮಾಡುತ್ತಿದ್ದ ಊಟ ಎಂಟಕ್ಕೆ ಬಂತು, ಗಲ್ಲೆಯ ಹಿಂದೆ ಸ್ಟೂಲಿನ ಮೇಲೆ. ಆರು ವಾರದ ನಂತರ ಪರೀಕ್ಷೆಗೆ ಮೊದಲು ಏನು ತಿನ್ನುತ್ತೀರಿ ಎಂದೆ. "ಸಾಂಬಾರ್" ಅಂದರು. ತಮ್ಮದೇ ಹೋಟೆಲಿನದು, ಒಂದು ಸಣ್ಣ ವಾಟಿ. ಮರುದಿನ ಫೋನ್ ಬಂತು. ಹೊಟ್ಟೆ ಸುದ್ದಿ ಹೇಳುತ್ತಾರೆ ಅಂದುಕೊಂಡೆ. "ಮೇಡಂ, ಒಂದು ವರ್ಷ ತಿನ್ನದೆ ನನಗೆ ಗೊತ್ತೇ ಆಗಿಲ್ಲ," ಅಂದರು, "ಭಟ್ಟರು ಸಾಂಬಾರಿಗೆ ಬೆಲ್ಲ ಜಾಸ್ತಿ ಹಾಕ್ತಾ ಇದ್ದಾರೆ."